ಎರಡು ಕಡ್ಡಿ ಸಿಗ್ನಲ್, ಎಂಟು ಕಂಪ್ಯೂಟರ್: ಊರಿನ ವೈಫೈಗೆ ದಾಸ್ತಾನು ಮಾಡುವ ಬಗೆ

ನಮ್ಮೂರ ಗ್ರಂಥಾಲಯದ ಇಂಟರ್ನೆಟ್ ತಿಂಗಳಿಗೊಂದು ಬುಧವಾರ ಸಾಯುತ್ತಿತ್ತು. ಮಳೆಯಿರಲಿ ಬಿಸಿಲಿರಲಿ, ಬುಧವಾರವೇ. ಮೊದಲು ಸಿಗ್ನಲ್ಲಿಗೆ ಬೈದೆ. ಆಮೇಲೆ ಆಂಟೆನಾದ ಕನೆಕ್ಟರ್ ಬಿಚ್ಚಿ ಒರೆಸಿದೆ. ನಾಲ್ಕನೇ ತಿಂಗಳು ಗೋಡೆಯ ಕ್ಯಾಲೆಂಡರ್ ಇಳಿಸಿ ಎಣಿಸಿದಾಗ ಗುಟ್ಟು ಸಿಕ್ಕಿತು. ಅದು ಪ್ರತಿ ಸಲವೂ ತಿಂಗಳ ಎರಡನೇ ಮಂಗಳವಾರದ ಮರುದಿನ. ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ಅಮೆರಿಕದಲ್ಲಿ ಬೆಳಗ್ಗೆ, ನಮ್ಮಲ್ಲಿ ರಾತ್ರಿ. ಬುಧವಾರ ಬೆಳಗ್ಗೆ ನಾನು ಬಾಗಿಲು ತೆಗೆದು ಆರು ವಿಂಡೋಸ್ ಕಂಪ್ಯೂಟರುಗಳನ್ನೂ ಸಾಲಾಗಿ ಆನ್ ಮಾಡುತ್ತಿದ್ದೆ. ಆರೂ ಸೇರಿ ಅದೇ ಫೈಲನ್ನು, ಅದೇ ಟವರಿನಿಂದ, ಆರು ಸಲ ಎಳೆಯುತ್ತಿದ್ದವು. ತಪ್ಪು ಅಪ್‌ಡೇಟಿನದಲ್ಲ, ಸಾಲಾಗಿ ಸ್ವಿಚ್ ಒತ್ತಿದ ನನ್ನದು.

ನಾನು 31 ವರ್ಷ ಟೆಲಿಫೋನ್ ಕಂಬ ಹತ್ತಿ, ತಾಮ್ರದ ತಂತಿ ಹೊಸೆದು ನಿವೃತ್ತನಾದವನು. ಊರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡ, ತುಮರಿಯಿಂದ ಸ್ವಲ್ಪ ಒಳಗೆ. ಗ್ರಂಥಾಲಯದ ಕಂಪ್ಯೂಟರುಗಳನ್ನು ಬಿಟ್ಟಿಯಾಗಿ ನೋಡಿಕೊಳ್ಳುತ್ತೇನೆ. ಮಕ್ಕಳಿಗೆ ನಾನು ಫೋನ್ ಅಜ್ಜ. ಮಾಡಿನ ಮೇಲೆ ಜಿಐ ಪೈಪು, ಪೈಪಿನ ತುದಿಗೆ ಆಂಟೆನಾ, ಕೆಳಗೆ ಸಿಮ್ ಹಾಕಿದ 4ಜಿ ರೂಟರ್. ದಿನಕ್ಕೆ ಇಷ್ಟು ಜಿಬಿ ಅಂತ ಮಿತಿ. ಮಿತಿ ದಾಟಿದರೆ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಹಳೆ ಡಯಲಪ್ ಕಾಲಕ್ಕೆ ವಾಪಸ್ ಹೋದ ಹಾಗೆ.

ಇದಕ್ಕೆ ಮದ್ದು ಕ್ಯಾಶ್. ಹೀಗಂದ ಕೂಡಲೇ ನಮ್ಮ ಗ್ರಂಥಪಾಲಕಿ, ‘ಎಷ್ಟು ಬೇಕು ಮಾವ? ಪಂಚಾಯಿತಿಯಲ್ಲಿ ದುಡ್ಡಿಲ್ಲ’ ಅಂದರು. ದುಡ್ಡಿನ ಕ್ಯಾಶ್ ಅಲ್ಲ ತಾಯಿ. ನಮ್ಮ ಕಡೆ ಮೇ ಮುಗಿಯುವುದರೊಳಗೆ ಅಕ್ಕಿ, ಉಪ್ಪು, ಮೆಣಸು, ಒಣ ಕಟ್ಟಿಗೆ ಎಲ್ಲ ಒಳಗೆ ಬರುತ್ತದೆ. ಜಡಿಮಳೆಯಲ್ಲಿ ಉಪ್ಪಿಗೆ ಅಂತ ಪೇಟೆಗೆ ಯಾರು ಹೋಗುತ್ತಾರೆ? ಕ್ಯಾಶ್ ಅಂದ್ರೆ ಆ ಅಟ್ಟ. ಒಂದು ಸಲ ತಂದದ್ದನ್ನು ಹತ್ತಿರ ಇಟ್ಟುಕೊಂಡು, ಮುಂದಿನ ಸಲ ಅಲ್ಲಿಂದಲೇ ತೆಗೆಯುವುದು. ಏನನ್ನು ಇಡಬಹುದು, ಏನನ್ನು ಇಡಬಾರದು, ಯಾವಾಗ ಹಳಸುತ್ತದೆ, ಇಷ್ಟು ತಿಳಿದರೆ ಸಾಕು. ನಾನು ಇದನ್ನು ಕಲಿಯುವಾಗ ಒಂದು ಸಲ ಮಕ್ಕಳು ಅಳುವ ಹಾಗೆ ಮಾಡಿದೆ. ಅದನ್ನೂ ಹೇಳುತ್ತೇನೆ.

ಮೊದಲು ಪುಸ್ತಕ, ಆಮೇಲೆ ಪೆಟ್ಟಿಗೆ

ಯಾವ ಸಾಫ್ಟ್‌ವೇರನ್ನೂ ಹಾಕುವ ಮೊದಲು ಎರಡು ವಾರ ಲೆಕ್ಕ ಬರೆಯಿರಿ. ರೂಟರಿನ ಪುಟದಲ್ಲಿ ದಿನದ ಒಟ್ಟು ಡೇಟಾ ಸಿಗುತ್ತದೆ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ಡೇಟಾ ಯೂಸೇಜ್ ಅಂತ ಇದೆ, ಯಾವ ಆ್ಯಪ್ ಎಷ್ಟು ತಿಂದಿತು ಅಂತ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲೂ ಇದೆ. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದೆ: ತಾರೀಕು, ಗಂಟೆ, ಯಾವ ಯಂತ್ರ, ಎಷ್ಟು, ಯಾಕೆ.

‘ಯಾಕೆ’ ಅನ್ನುವ ಕಾಲಂ ನನ್ನ ಕಣ್ಣು ತೆರೆಸಿತು. ಜನ ಕೂತು ಓದುವುದಕ್ಕೆ, ಪಹಣಿ ನೋಡುವುದಕ್ಕೆ, ಅರ್ಜಿ ತುಂಬುವುದಕ್ಕೆ ಹೋಗುವ ಡೇಟಾ ತೀರಾ ಕಡಿಮೆ. ಉಳಿದದ್ದೆಲ್ಲ ಯಾರೂ ಕೇಳದೆ ತಾನಾಗಿ ನಡೆಯುವ ಅಪ್‌ಡೇಟ್, ಫೋಟೋ ಬ್ಯಾಕಪ್, ಮತ್ತೆ ಒಂದೇ ಪಾಠದ ವಿಡಿಯೋವನ್ನು ಹತ್ತನೇ ತರಗತಿಯ ಹದಿನಾಲ್ಕು ಮಕ್ಕಳು ಹದಿನಾಲ್ಕು ಸಲ ನೋಡಿದ್ದು. ಕ್ಯಾಶ್ ಕೆಲಸ ಮಾಡುವುದು ಇಂಥ ಕಡೆಯೇ. ಎಲ್ಲರೂ ಬೇರೆ ಬೇರೆ ಕೇಳಿದರೆ ಅಟ್ಟ ಕಟ್ಟಿ ಪ್ರಯೋಜನವಿಲ್ಲ.

ನಿಮ್ಮ ಪುಸ್ತಕದಲ್ಲಿ ಬೇರೆಯದೇ ಚಿತ್ರ ಬರಬಹುದು. ಹಾಗಾದರೆ ಮುಂದಿನ ಹೆಜ್ಜೆಗಳಲ್ಲಿ ನಿಮಗೆ ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳಿ.

ಗಾಳಿ ಒಬ್ಬರ ಸೊತ್ತಲ್ಲ

ತಂತಿಗೂ ಗಾಳಿಗೂ ಇರುವ ವ್ಯತ್ಯಾಸ ತಿಳಿಯದೆ ಕ್ಯಾಶ್ ಹಾಕಿದರೆ ಅರ್ಧ ಲಾಭ ಸೋರಿಹೋಗುತ್ತದೆ. ನನ್ನ ಕಾಲದಲ್ಲಿ ಒಂದು ಮನೆಗೆ ಒಂದು ಜೋಡಿ ತಂತಿ. ಪಕ್ಕದ ಮನೆಯವರು ಇಡೀ ದಿನ ಮಾತಾಡಿದರೂ ನಿಮ್ಮ ಫೋನಿಗೆ ಏನೂ ಆಗುತ್ತಿರಲಿಲ್ಲ. ರೇಡಿಯೋದಲ್ಲಿ ಹಾಗಲ್ಲ. ಒಂದು ಚಾನೆಲ್ಲಿನಲ್ಲಿ ವೈಫೈ ಯಂತ್ರಗಳು ಸರದಿಯ ಮೇಲೆ ಮಾತಾಡಬೇಕು. ದೂರದ ಮೂಲೆಯಲ್ಲಿ ಕೂತ ಹಳೆ ಫೋನ್ ನಿಧಾನಕ್ಕೆ ಮಾತಾಡಿದರೆ ಉಳಿದವರೆಲ್ಲ ಅಲ್ಲಿಯವರೆಗೆ ಕಾಯಬೇಕು. ಟವರ್ ಕೂಡ ಹಾಗೇ, ಅದರ ಸಾಮರ್ಥ್ಯ ಇಡೀ ಊರಿಗೆ ಹಂಚಿಕೆ. ನಾವು ಒಂದೇ ಫೈಲನ್ನು ಆರು ಸಲ ಎಳೆದರೆ ನಮ್ಮ ಪ್ಯಾಕ್ ಖಾಲಿಯಾಗುವುದಷ್ಟೇ ಅಲ್ಲ, ಆಚೆ ಮನೆಯವರು ಬೆಂಗಳೂರಿನ ಮಗನ ಜೊತೆ ವಿಡಿಯೋ ಕಾಲ್ ಮಾಡುವಾಗ ಚಿತ್ರ ನಿಂತುಹೋಗುತ್ತದೆ.

ಹಾಗಾಗಿ ದಾಸ್ತಾನು ಎಲ್ಲಿದೆ ಅನ್ನುವುದು ಮುಖ್ಯ. ಫೋನಿನೊಳಗೇ ಇದ್ದರೆ ಟವರೂ ಉಳಿಯಿತು, ಕೋಣೆಯ ವೈಫೈಯೂ ಉಳಿಯಿತು. ದಾಸ್ತಾನಿಗೆಂದೇ ಕೋಣೆಯಲ್ಲಿಟ್ಟ ಕಂಪ್ಯೂಟರಿನಲ್ಲಿದ್ದರೆ (ಅದನ್ನೇ ನಾನು ಪೆಟ್ಟಿಗೆ ಅನ್ನುವುದು) ಟವರ್ ಉಳಿಯಿತು, ವೈಫೈ ದುಡಿಯಬೇಕು. ಆ ಪೆಟ್ಟಿಗೆಯನ್ನೂ ವೈಫೈನಲ್ಲೇ ಜೋಡಿಸಿದರೆ ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ: ಪೆಟ್ಟಿಗೆಯಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಫೋನಿಗೆ ಒಮ್ಮೆ. ಇದು ಎಲ್ಲರೂ ಮಾಡುವ ತಪ್ಪು. ಪೆಟ್ಟಿಗೆಯನ್ನು ರೂಟರಿಗೆ ಕೇಬಲ್ಲಿನಲ್ಲೇ ಜೋಡಿಸಿ. ನಾನು ಪೆಟ್ಟಿಗೆಯ ಜೊತೆಗೆ ಜಾಗ ಬಿಟ್ಟು ಕದಲದ ಐದು ಕಂಪ್ಯೂಟರುಗಳಿಗೂ ಒಂದು ಸ್ವಿಚ್ ಇಟ್ಟು ಕೇಬಲ್ ಎಳೆದೆ. ಗಾಳಿಯನ್ನು ಫೋನುಗಳಿಗೆ ಬಿಟ್ಟೆ. ತಂತಿಯವನ ಬುದ್ಧಿ, ಬಿಡುವುದಿಲ್ಲ.

ದುಡ್ಡಿಲ್ಲದ ಮೊದಲ ಹೆಜ್ಜೆ: ಬುಧವಾರದ ಕಾಟಕ್ಕೆ ಮದ್ದು

ವಿಂಡೋಸ್ 10 ಮತ್ತು 11ರಲ್ಲಿ ಈ ಮದ್ದು ಒಳಗೇ ಇದೆ. ಹೆಸರು ಡೆಲಿವರಿ ಆಪ್ಟಿಮೈಸೇಶನ್. 11ರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ವಿಂಡೋಸ್ ಅಪ್‌ಡೇಟ್, ಅದರಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್, ಅದರಲ್ಲಿ ಡೆಲಿವರಿ ಆಪ್ಟಿಮೈಸೇಶನ್. ಬೇರೆ ಕಂಪ್ಯೂಟರುಗಳಿಂದ ಇಳಿಸಿಕೊಳ್ಳುವುದನ್ನು ಆನ್ ಮಾಡಿ, ಕೆಳಗೆ ‘ನನ್ನ ಲೋಕಲ್ ನೆಟ್‌ವರ್ಕ್ ಮಾತ್ರ’ ಅನ್ನುವುದನ್ನು ಆರಿಸಿ. ಇಂಟರ್ನೆಟ್ಟಿನ ಕಂಪ್ಯೂಟರುಗಳನ್ನೂ ಸೇರಿಸುವ ಆಯ್ಕೆ ಬೇಡವೇ ಬೇಡ. ನಿಮ್ಮ ಡೇಟಾ ಖರ್ಚು ಮಾಡಿ ಊರಿನವರಿಗೆಲ್ಲ ಹಂಚಿದ ಹಾಗಾಗುತ್ತದೆ.

ಈಗ ಒಂದು ಕಂಪ್ಯೂಟರ್ ಇಳಿಸಿಕೊಂಡ ತುಂಡುಗಳನ್ನು ಪಕ್ಕದ್ದು ಅದರಿಂದಲೇ ಪಡೆಯುತ್ತದೆ. ಅಲ್ಲೇ ಆ್ಯಕ್ಟಿವಿಟಿ ಮಾನಿಟರ್ ಇದೆ. ಎಷ್ಟು ಪಾಲು ಲೋಕಲ್ ನೆಟ್‌ವರ್ಕಿನಿಂದ ಬಂತು ಅಂತ ಅದರಲ್ಲಿ ನೋಡಬಹುದು. ನಮ್ಮಲ್ಲಿ ಮೊದಲ ತಿಂಗಳು ಸೊನ್ನೆ! ಹುಡುಕುತ್ತಾ ಹೋದಾಗ ಮೂರು ಕಾರಣ ಸಿಕ್ಕವು. ಒಂದು, ರೂಟರಿನಲ್ಲಿ ಕ್ಲೈಂಟ್ ಐಸೋಲೇಶನ್ ಆನ್ ಆಗಿತ್ತು. ಅದು ಒಂದು ಯಂತ್ರಕ್ಕೆ ಇನ್ನೊಂದು ಕಾಣದ ಹಾಗೆ ಮಾಡುತ್ತದೆ. ಎರಡು, ನಾನೇ ಹಿಂದೆ ಜಾಣತನ ಮಾಡಿ ಎಲ್ಲ ಕಂಪ್ಯೂಟರಿಗೂ ಮೀಟರ್ಡ್ ಕನೆಕ್ಷನ್, ಅಂದ್ರೆ ಡೇಟಾಕ್ಕೆ ಮಿತಿ ಇದೆ ಅಂತ ಗುರುತು ಹಾಕಿದ್ದೆ. ಆ ಗುರುತಿದ್ದರೆ ಈ ಹಂಚಿಕೆ ನಡೆಯುವುದಿಲ್ಲ. ಮೂರು, ಎರಡು ಹಳೆ ಯಂತ್ರಗಳಲ್ಲಿ ರ್‍ಯಾಮ್ 2 ಜಿಬಿ. 4 ಜಿಬಿಗಿಂತ ಕಡಿಮೆ ಇದ್ದರೆ ಅದು ಬೇರೆಯವರಿಗೆ ಹಂಚುವುದಿಲ್ಲ. ಮೊದಲ ಎರಡನ್ನು ಸರಿಮಾಡಿದೆ, ಮೂರನೆಯದಕ್ಕೆ ಹಳೆ ರ್‍ಯಾಮ್ ಹುಡುಕಿ ಹಾಕಿದೆ.

ಆಮೇಲೆ ಒಂದು ಶಿಸ್ತು ಮಾಡಿಕೊಂಡೆ. ಬುಧವಾರ ಹಗಲು ಯಾವ ಕಂಪ್ಯೂಟರಿಗೂ ಅಪ್‌ಡೇಟ್ ಇಲ್ಲ, ಎಲ್ಲದರಲ್ಲೂ ಅಪ್‌ಡೇಟ್ ತಡೆಹಿಡಿಯುವ ‘ಪಾಜ್’ ಒತ್ತಿಡುತ್ತೇನೆ. ರಾತ್ರಿ ಬಾಗಿಲು ಹಾಕುವಾಗ ಒಂದೇ ಒಂದನ್ನು ಬಿಡಿಸಿ, ಅಪ್‌ಡೇಟ್ ಕೊಟ್ಟು, ಆನ್ ಇಟ್ಟು ಮನೆಗೆ ಹೋಗುತ್ತೇನೆ. ಗುರುವಾರ ಉಳಿದ ಐದು ಅದರಿಂದ ಪಡೆಯುತ್ತವೆ. ರಾತ್ರಿ ಯಾಕೆ ಅಂದ್ರೆ, ದಿನದ ಮಿತಿ ಇರುವ ಪ್ಯಾಕ್‌ಗಳಲ್ಲಿ ಉಳಿದ ಡೇಟಾ ರಾತ್ರಿ 12ಕ್ಕೆ ಆವಿಯಾಗುತ್ತದೆ. ನಾಳೆಗೆ ಬರುವುದಿಲ್ಲ. ಹಾಗಾಗಿ 10ರಿಂದ 12ರವರೆಗೆ ಇವತ್ತಿನ ಉಳಿಕೆಯಲ್ಲಿ ದಾಸ್ತಾನು ತುಂಬುವುದು. ಚೆಲ್ಲಿಹೋಗುವ ನೀರನ್ನು ಹಂಡೆಗೆ ಹಿಡಿದ ಹಾಗೆ. ಆ ಹೊತ್ತಿಗೆ ಟವರ್ ಕೂಡ ಖಾಲಿ ಇರುತ್ತದೆ.

ಫೋನುಗಳಿಗೆ ‘ಇದು ಬಿಟ್ಟಿ ಅಲ್ಲ’ ಅಂತ ಹೇಳುವುದು

ಇದನ್ನು ಕ್ಯಾಶ್ ಅನ್ನಲಾಗದು, ಆದರೆ ಇದಿಲ್ಲದೆ ಕ್ಯಾಶ್ ಉಳಿಯುವುದಿಲ್ಲ. ಫೋನುಗಳಿಗೆ ಒಂದು ಮೂಢನಂಬಿಕೆ ಇದೆ: ವೈಫೈ ಅಂದ್ರೆ ಬಿಟ್ಟಿ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟು ಮಕ್ಕಳು ಒಳಗೆ ಬಂದರೆ ಅವರ ಅಪ್ಪ ಅಮ್ಮನ ಫೋನುಗಳು ನಮ್ಮ ವೈಫೈ ಹಿಡಿಯುತ್ತವೆ. ತಕ್ಷಣ ಇಪ್ಪತ್ತು ಆ್ಯಪ್ ಅಪ್‌ಡೇಟ್, ಮದುವೆಮನೆಯ ಫೋಟೋಗಳ ಬ್ಯಾಕಪ್ ಎಲ್ಲ ಶುರು. ಆ ವೈಫೈ ಹಿಂದೆ ಇರುವುದು ಒಂದು ಸಿಮ್ ಅಂತ ಅವಕ್ಕೆ ಗೊತ್ತಿಲ್ಲ.

ಒಂದೊಂದೇ ಫೋನ್ ತೆಗೆದುಕೊಂಡು, ವೈಫೈ ಹೆಸರಿನ ಮೇಲೆ ಒತ್ತಿ, ಮೀಟರ್ಡ್ ಅಂತ ಗುರುತು ಹಾಕಬಹುದು. ಐಫೋನಿನಲ್ಲಿ ಅದೇ ಜಾಗದಲ್ಲಿ ಲೋ ಡೇಟಾ ಮೋಡ್ ಇದೆ. ಆದರೆ ಬರುವ ಹೋಗುವ ಎಲ್ಲ ಫೋನಿಗೂ ಯಾರು ಮಾಡುತ್ತಾರೆ? ಆಂಡ್ರಾಯ್ಡ್‌ಗೆ ಒಂದು ಒಳದಾರಿ ಇದೆ. ರೂಟರ್ ಪ್ರತಿ ಫೋನಿಗೂ ವಿಳಾಸ ಕೊಡುತ್ತದಲ್ಲ, ಆ ಡಿಎಚ್‌ಸಿಪಿ ಉತ್ತರದ ಜೊತೆ 43ನೇ ಆಯ್ಕೆಯಲ್ಲಿ ‘ಆಂಡ್ರಾಯ್ಡ್ ಮೀಟರ್ಡ್’ ಅನ್ನುವ ಎರಡು ಪದ ಕಳಿಸಬೇಕು. ಇಂಗ್ಲಿಷಿನಲ್ಲಿ, ಎಲ್ಲ ದೊಡ್ಡಕ್ಷರ, ನಡುವೆ ಜಾಗದ ಬದಲು ಅಡಿಗೆರೆ. ಅದನ್ನು ನೋಡಿದ ಫೋನ್ ತಾನಾಗಿ ಮಿತವ್ಯಯಕ್ಕೆ ಇಳಿಯುತ್ತದೆ. ಸಾಮಾನ್ಯ ರೂಟರುಗಳಲ್ಲಿ ಈ ಆಯ್ಕೆ ತುಂಬಲು ಜಾಗ ಇರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಬಿಟ್ಟಿ ತಂತ್ರಾಂಶ ಹಾಕಿದ ರೂಟರಿನಲ್ಲಿ ಇದೆ. ನಮ್ಮಲ್ಲಿ ಮುಂದೆ ಹೇಳುವ ಪೆಟ್ಟಿಗೆಯೇ ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಟ್ಟ ತಂತ್ರಾಂಶದ ಮೂಲಕ ವಿಳಾಸ ಕೊಡುತ್ತದೆ. ಹೀಗೆ ಮಾಡಿದರೆ ರೂಟರಿನ ಡಿಎಚ್‌ಸಿಪಿಯನ್ನು ಆಫ್ ಮಾಡಲೇಬೇಕು. ಒಂದು ಕೋಣೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದರೆ ಜಗಳ ಖಾತ್ರಿ.

ಈ ಒಂದು ಸಾಲು ಹಾಕಿದ ಸಂಜೆ ನಾನು ರೂಟರಿನ ಗ್ರಾಫ್ ನೋಡುತ್ತಾ ಕೂತಿದ್ದೆ. ನಾಲ್ಕೂವರೆಗೆ ಗುಡ್ಡದ ಹಾಗೆ ಏಳಬೇಕಾದ ಗೆರೆ ಗದ್ದೆ ಬದುವಿನ ಹಾಗೆ ಮಲಗಿತ್ತು.

ಪೆಟ್ಟಿಗೆ

ಹೊಸದು ಕೊಳ್ಳಬೇಡಿ. ಪರದೆ ಒಡೆದ ಹಳೆ ಲ್ಯಾಪ್‌ಟಾಪ್ ಸಾಕು. ರಾಸ್ಪ್‌ಬೆರಿ ಪೈ ಚಂದ, ವಿದ್ಯುತ್ ಕಡಿಮೆ, ನಿಜ. ಆದರೆ ಅದರ ಮೆಮೊರಿ ಕಾರ್ಡ್ ಹಗಲೂ ರಾತ್ರಿ ಬರೆಯುತ್ತಿದ್ದರೆ ಬೇಗ ಸವೆಯುತ್ತದೆ. ಕರೆಂಟ್ ಹೋದಾಗ ಪೈ ಸಾಯುತ್ತದೆ, ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ಮಲೆನಾಡಿನಲ್ಲಿ ಜುಲೈ ಕಳೆದವರಿಗೆ ಇದರ ಬೆಲೆ ಗೊತ್ತು. ನನ್ನದು 4 ಜಿಬಿ ರ್‍ಯಾಮಿನ ಹಳೆ ಲ್ಯಾಪ್‌ಟಾಪ್, 500 ಜಿಬಿಯ ಎಸ್‌ಎಸ್‌ಡಿ, ಅದರಲ್ಲಿ ವಿಂಡೋಸ್ ಬದಲು ಬಿಟ್ಟಿಯಾಗಿ ಸಿಗುವ ಡೆಬಿಯನ್ ಲಿನಕ್ಸ್. ಅದಕ್ಕೆ ಬದಲಾಗದ ಒಂದು ವಿಳಾಸ ಕೊಡಿ. ಆ ವಿಳಾಸವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಇದರಲ್ಲಿ ಮೊದಲು ಹಾಕಬೇಕಾದದ್ದು ಕಿವಿಕ್ಸ್. 2007ರಿಂದ ಇರುವ ಬಿಟ್ಟಿ ತಂತ್ರಾಂಶ. ಇಡೀ ವಿಕಿಪೀಡಿಯವನ್ನು ಜಿಮ್ ಅನ್ನುವ ಬಗೆಯ ಒಂದೇ ಫೈಲಿನಲ್ಲಿ ಕಟ್ಟಿ ಕೊಡುತ್ತಾರೆ. ಕನ್ನಡ ವಿಕಿಪೀಡಿಯ ಇದೆ, ಶಾಲೆಯ ವಿಜ್ಞಾನಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದವರ ಫೆಟ್ ಪ್ರಯೋಗಗಳಿವೆ. ಇಂಗ್ಲಿಷ್ ವಿಕಿಪೀಡಿಯ ಚಿತ್ರಸಮೇತ 100 ಜಿಬಿ ದಾಟುತ್ತದೆ, ಚಿತ್ರ ಬೇಡವೆಂದರೆ ಸುಮಾರು ಅರ್ಧ. ಕಿವಿಕ್ಸ್‌ನ ಸರ್ವರ್ ಭಾಗವನ್ನು ಪೆಟ್ಟಿಗೆಯಲ್ಲಿ ಓಡಿಸಿದರೆ ಮಕ್ಕಳು ಫೋನಿನ ಬ್ರೌಸರಿನಲ್ಲಿ ಗೋಡೆಯ ವಿಳಾಸ ಹೊಡೆದು ಓದುತ್ತಾರೆ. ಟವರ್ ಬಿದ್ದುಹೋದರೂ ಓದುತ್ತಾರೆ.

ಇಷ್ಟು ದೊಡ್ಡ ಫೈಲನ್ನು ನಾವು 4ಜಿಯಲ್ಲಿ ಇಳಿಸಲಿಲ್ಲ. ಸಾಗರದಲ್ಲಿ ಮಗಳ ಮನೆಯಲ್ಲಿ ಫೈಬರ್ ಇದೆ. ಅವಳು 64 ಜಿಬಿಯ ಪೆನ್‌ಡ್ರೈವಿನ ತುಂಬ ಹಾಕಿ ಕೊಟ್ಟಳು, ನಾನು ಜೇಬಿಗಿಳಿಸಿ ಬಸ್ ಹತ್ತಿದೆ. ಆಗಿನ್ನೂ ಅಂಬಾರಗೋಡ್ಲಿನ ಸೇತುವೆ ಆಗಿರಲಿಲ್ಲ. ಲಾಂಚಿನಲ್ಲಿ ಹಿನ್ನೀರು ದಾಟಬೇಕಿತ್ತು. ಲಾಂಚಿಗೆ ಕಾದದ್ದೂ ಸೇರಿ 2 ಗಂಟೆ. ದಾರಿಯಲ್ಲಿ ಕೂತು ಲೆಕ್ಕ ಹಾಕಿದೆ. 64 ಜಿಬಿ ಅಂದ್ರೆ 512 ಗಿಗಾಬಿಟ್. ಅದನ್ನು 7200 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 71 ಮೆಗಾಬಿಟ್! ನಮ್ಮ ಟವರ್ ಯಾವತ್ತೂ ಕೊಡದ ವೇಗವನ್ನು ಕೆಂಪು ಬಸ್ಸೂ ಲಾಂಚೂ ಸೇರಿ ಕೊಟ್ಟವು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಯಿತು, ಈಗ ಈ ‘ಲಿಂಕ್’ ಇನ್ನೂ ಚುರುಕು.

ಒಂದು ಎಚ್ಚರಿಕೆ. ಪೆನ್‌ಡ್ರೈವ್ ಎಫ್‌ಎಟಿ32 ಅನ್ನುವ ಹಳೆ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡು ಹೋಗಿ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಹಪ್ಪಳದ ಕಟ್ಟು ಮಾತ್ರ ಹಿಡಿದು ವಾಪಸ್ ಬಂದೆ.

ಪಾಠದ ವಿಡಿಯೋ, ಪಠ್ಯಪುಸ್ತಕ ಕೂಡ ಇದೇ ಪೆಟ್ಟಿಗೆಗೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳನ್ನು ತರಗತಿವಾರು ಫೋಲ್ಡರಿನಲ್ಲಿಟ್ಟೆ. ಶಾಲೆಯ ಮೇಷ್ಟ್ರು ತಾವೇ ಮಾಡಿದ ವಿಡಿಯೋಗಳನ್ನು ಕೊಟ್ಟರು. ಅವುಗಳ ಚಿತ್ರದ ಗುಣಮಟ್ಟವನ್ನು 480ಪಿಗೆ ಇಳಿಸಿ ಇಟ್ಟೆ. ಫೋನಿನ ಪರದೆಗೆ ಅಷ್ಟು ಧಾರಾಳ ಸಾಕು, ಹತ್ತು ಮಕ್ಕಳು ಒಟ್ಟಿಗೆ ನೋಡಿದರೂ ವೈಫೈ ತಡೆಯುತ್ತದೆ. ಹಕ್ಕು ಬೇರೆಯವರದ್ದಾದ ವಿಡಿಯೋಗಳನ್ನು ಇಳಿಸಿ ಹಂಚಲು ಹೋಗಬೇಡಿ. ಆ್ಯಪ್ ಒಳಗೇ ಆಫ್‌ಲೈನ್ ಉಳಿಸುವ ಗುಂಡಿ ಇದ್ದರೆ ಅದನ್ನೇ ಬಳಸಲು ಹೇಳಿ. ಪಠ್ಯಪುಸ್ತಕದ ಕ್ಯುಆರ್ ಕೋಡ್ ತೆರೆಯುವ ದೀಕ್ಷಾ ಆ್ಯಪ್‌ನಲ್ಲಿ ಪಾಠ ಇಳಿಸಿಟ್ಟುಕೊಳ್ಳುವ ಅವಕಾಶ ಮೊದಲಿಂದ ಇದೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇದೆಲ್ಲ ಕ್ಯಾಶ್ ಹೌದಾ ಅಂತ ಯಾರಾದರೂ ಪಂಡಿತರು ಕೇಳಬಹುದು. ಯಾರೋ ಕೇಳಿದ ಮೇಲೆ ಉಳಿಸಿಕೊಳ್ಳುವುದು ಒಂದು ಬಗೆ, ಕೇಳುತ್ತಾರೆ ಅಂತ ಗೊತ್ತಿದ್ದು ಮೊದಲೇ ತಂದಿಡುವುದು ಇನ್ನೊಂದು ಬಗೆ. ನನ್ನ ಅನುಭವದಲ್ಲಿ ಈಗಿನ ಕಾಲಕ್ಕೆ ಎರಡನೆಯದೇ ಜಾಸ್ತಿ ಉಳಿಸುತ್ತದೆ. ಯಾಕೆ ಅಂತ ಸ್ಕ್ವಿಡ್ ಹೇಳುತ್ತದೆ.

ಸ್ಕ್ವಿಡ್ ಮತ್ತು ಬೀಗದ ಸಮಸ್ಯೆ

ಕ್ಯಾಶ್ ಅಂತ ಹುಡುಕಿದರೆ ಎಲ್ಲರೂ ಮೊದಲು ಹೇಳುವುದು ಸ್ಕ್ವಿಡ್. 1996ರಿಂದ ಇರುವ ಪ್ರಾಕ್ಸಿ. ಎಲ್ಲ ಯಂತ್ರಗಳೂ ಇದರ ಮೂಲಕ ಹೊರಗೆ ಹೋಗುತ್ತವೆ. ತಂದದ್ದನ್ನು ಅದು ಡಿಸ್ಕಿನಲ್ಲಿ ಇಟ್ಟುಕೊಂಡು, ಮತ್ತೊಬ್ಬರು ಕೇಳಿದಾಗ ಅಲ್ಲಿಂದಲೇ ಕೊಡುತ್ತದೆ. ಹಿಂದೆ ಸೈಬರ್ ಕೆಫೆಗಳು ಇದರ ಮೇಲೇ ಬದುಕಿದ್ದವು.

ಆಗ ಪುಟಗಳು ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ ಬರುತ್ತಿದ್ದವು. ಈಗ ಹೆಚ್ಚುಕಡಿಮೆ ಎಲ್ಲವೂ ಎಚ್‌ಟಿಟಿಪಿಎಸ್. ಬೀಗ ಹಾಕಿದ ಪೆಟ್ಟಿಗೆ ಸ್ಕ್ವಿಡ್ಡಿನ ಕೈಮೇಲೆ ದಾಟಿಹೋಗುತ್ತದೆ, ಒಳಗೇನಿದೆ ಅಂತ ಅದಕ್ಕೆ ಕಾಣುವುದಿಲ್ಲ. ಕಾಣದ್ದನ್ನು ಇಟ್ಟುಕೊಳ್ಳುವುದು ಹೇಗೆ? ಸ್ಕ್ವಿಡ್ಡಿನ ಲಾಗ್, ಅಂದ್ರೆ ಅದು ಬರೆದಿಡುವ ದಿನಚರಿ, ತೆರೆದರೆ ಪ್ರತಿ ಸಾಲಿನಲ್ಲೂ ಒಂದು ಪದ ಇರುತ್ತದೆ. ಹಿಟ್ ಅಂದ್ರೆ ಅಟ್ಟದಿಂದ ಕೊಟ್ಟದ್ದು, ಮಿಸ್ ಅಂದ್ರೆ ಪೇಟೆಗೆ ಹೋಗಿ ತಂದದ್ದು, ಟನೆಲ್ ಅಂದ್ರೆ ಬೀಗದ ಪೆಟ್ಟಿಗೆ. ನಮ್ಮ ಲಾಗ್ ಪುಟಗಟ್ಟಲೆ ಟನೆಲ್, ಟನೆಲ್, ಟನೆಲ್.

ಬೀಗ ಒಡೆಯುವ ದಾರಿ ಇದೆ. ಸ್ಕ್ವಿಡ್ಡಿನಲ್ಲಿ ಅದಕ್ಕೆ ಎಸ್‌ಎಸ್‌ಎಲ್ ಬಂಪ್ ಅನ್ನುತ್ತಾರೆ. ಎಲ್ಲ ಯಂತ್ರಗಳಲ್ಲೂ ನಿಮ್ಮದೇ ಪ್ರಮಾಣಪತ್ರ ಹಾಕಿ, ನಡುವೆ ತೆರೆದು ನೋಡಿ, ಮತ್ತೆ ಮುಚ್ಚಿ ಕಳಿಸುವುದು. ಮಾಡಬೇಡಿ. ನಮ್ಮಲ್ಲಿ ಅಜ್ಜಿಯಂದಿರು ಬಂದು ಬ್ಯಾಂಕಿನ ಬಾಕಿ ನೋಡುತ್ತಾರೆ, ಒಟಿಪಿ ಹೊಡೆಯುತ್ತಾರೆ. ನಾಲ್ಕು ಜಿಬಿ ಉಳಿಸಲು ಅವರ ಕಾಗದ ಒಡೆದು ಓದುವುದೇ? 31 ವರ್ಷ ಲೈನಿನ ಮೇಲೆ ಕೂತರೂ ಯಾರ ಮಾತನ್ನೂ ಕದ್ದು ಕೇಳಿದವನಲ್ಲ ನಾನು.

ಹಾಗಾದರೆ ಸ್ಕ್ವಿಡ್ ಬೇಡವಾ? ಸ್ವಲ್ಪ ಬೇಕು. ಲಿನಕ್ಸಿನ ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಈಗಲೂ ಹಲವು ಕಡೆ ಎಚ್‌ಟಿಟಿಪಿಯಲ್ಲೇ ಬರುತ್ತವೆ, ಅವುಗಳ ಅಸಲಿತನಕ್ಕೆ ಬೇರೆಯದೇ ಸಹಿ ಇರುತ್ತದೆ. ನಮ್ಮ ಎರಡು ಲಿನಕ್ಸ್ ಯಂತ್ರ ಮತ್ತು ಪೆಟ್ಟಿಗೆಗೆ ಅದು ಸಾಕು. ಬರೀ ಲಿನಕ್ಸ್ ಇರುವ ಲ್ಯಾಬ್ ಆದರೆ ಸ್ಕ್ವಿಡ್ ಬಿಟ್ಟು, ಈ ಪ್ಯಾಕೇಜುಗಳಿಗೆಂದೇ ಇರುವ ಆಪ್ಟ್-ಕ್ಯಾಶರ್-ಎನ್‌ಜಿ ಅನ್ನುವ ಕ್ಯಾಶ್ ಹಾಕಿ. 3142ನೇ ಪೋರ್ಟಿನಲ್ಲಿ (ಯಂತ್ರದೊಳಗಿನ ಬಾಗಿಲಿನ ನಂಬರ್ ಅನ್ನಿ) ಕೂರುತ್ತದೆ, ಸೆಟ್ಟಿಂಗ್ ಅಂತ ಹೆಚ್ಚೇನೂ ಇಲ್ಲ.

ಸ್ಕ್ವಿಡ್ಡೇ ಹಾಕುವುದಾದರೆ ಪೋರ್ಟ್ 3128. ಬದಲಿಸಬೇಕಾದದ್ದು ನಾಲ್ಕು. ನಿಮ್ಮ ಲೋಕಲ್ ವಿಳಾಸಗಳಿಗೆ ಮಾತ್ರ ಅನುಮತಿ ಕೊಡಿ. ಡಿಸ್ಕಿನ ಕ್ಯಾಶ್ ಸಾಲನ್ನು ತೆರೆದು, ಅದರಲ್ಲಿರುವ 100 ಎಂಬಿಯನ್ನು 50 ಜಿಬಿಯಷ್ಟಕ್ಕೆ ಏರಿಸಿ. ಒಂದು ಫೈಲಿನ ಗರಿಷ್ಠ ಗಾತ್ರ ಬರೀ 4 ಎಂಬಿ ಇರುತ್ತದೆ, ಅದನ್ನು 1 ಜಿಬಿ ಮಾಡಿ. ಮತ್ತೆ ಈ ಗರಿಷ್ಠ ಗಾತ್ರದ ಸಾಲು ಡಿಸ್ಕ್ ಕ್ಯಾಶಿನ ಸಾಲಿಗಿಂತ ಮೇಲೆ ಇರಬೇಕು. ಕೆಳಗಿದ್ದರೆ ಸ್ಕ್ವಿಡ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದೊಂದು ತಿಳಿಯಲು ನನಗೆ ಎರಡು ಭಾನುವಾರ ಬೇಕಾಯಿತು. ವಿಂಡೋಸ್ ಅಪ್‌ಡೇಟನ್ನು ಇದರಲ್ಲಿ ಹಿಡಿಯಲು ಹೋಗಬೇಡಿ. ಅದು ಫೈಲನ್ನು ತುಂಡು ತುಂಡಾಗಿ ಕೇಳುತ್ತದೆ, ಸ್ಕ್ವಿಡ್ ಬಿಡಿ ತುಂಡುಗಳನ್ನು ಇಟ್ಟುಕೊಳ್ಳುವುದಿಲ್ಲ. ಆ ಕೆಲಸ ಡೆಲಿವರಿ ಆಪ್ಟಿಮೈಸೇಶನ್ ಮಾಡುತ್ತಿದೆಯಲ್ಲ.

ಮಕ್ಕಳು ಅತ್ತದ್ದು

ಮೊದಮೊದಲು ನನಗೆ ಹಿಟ್ ಜಾಸ್ತಿ ಮಾಡುವ ಹುಚ್ಚು. ಪ್ರತಿ ಪುಟದ ಜೊತೆ ಅದರ ಆಯುಷ್ಯವೂ ಬರುತ್ತದೆ, ಇಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಅಂತ. ಸ್ಕ್ವಿಡ್ಡಿಗೆ ‘ಅದು ಏನೇ ಹೇಳಲಿ, ಒಂದು ದಿನ ಇಟ್ಟುಕೋ’ ಅಂತ ಹೇಳುವ ಆಯ್ಕೆಯೂ ಇದೆ. ನಾನು ಹೇಳಿಬಿಟ್ಟೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಆಗ ಆ ಪುಟ ಬೀಗವಿಲ್ಲದ್ದು. ಬೆಳಗ್ಗೆ ಬೇಗ ಒಬ್ಬಳು ಬಂದು ನೋಡಿದಳು, ‘ಇನ್ನೂ ಪ್ರಕಟವಾಗಿಲ್ಲ’ ಅಂತ ಬಂತು. ಸ್ಕ್ವಿಡ್ ಅದನ್ನು ಭದ್ರವಾಗಿ ಎತ್ತಿಟ್ಟಿತು. ಹನ್ನೊಂದರ ಹೊತ್ತಿಗೆ ಟಿವಿಯಲ್ಲಿ ಫಲಿತಾಂಶ ಬಂತು ಅಂತ ಸುದ್ದಿ. ನಮ್ಮ ಎಂಟು ಕಂಪ್ಯೂಟರಿನಲ್ಲೂ ‘ಇನ್ನೂ ಪ್ರಕಟವಾಗಿಲ್ಲ’. ಪಕ್ಕದೂರಿನ ಮಕ್ಕಳಿಗೆ ಅಂಕ ಗೊತ್ತಾಗಿ ಫೋನ್ ಬರುತ್ತಿದೆ, ನಮ್ಮವರು ಪರದೆ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಾರೆ. ಇಬ್ಬರು ತಾವು ಫೇಲ್, ಅದಕ್ಕೇ ಬರುತ್ತಿಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದರು. ನನಗೆ ಹೊಳೆದು ಸ್ಕ್ವಿಡ್ ಆಫ್ ಮಾಡಿ ಪ್ರಾಕ್ಸಿ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ. ಇಬ್ಬರೂ ಪಾಸ್. ಒಬ್ಬಳ ತಾಯಿ ಸಂಜೆ ಬಂದು ‘ನಿಮ್ಮ ಅಟ್ಟದಲ್ಲಿ ಹಳಸಿದ್ದನ್ನ ಮಕ್ಕಳಿಗೆ ಬಡಿಸಬೇಡಿ’ ಅಂದರು. ಅವರಿಗೆ ಕ್ಯಾಶ್ ಗೊತ್ತಿರಲಿಲ್ಲ, ಆದರೆ ಸರಿಯಾಗಿಯೇ ಹೇಳಿದರು.

ಆಯುಷ್ಯ ಮೀರಿ ಏನನ್ನೂ ಇಡಬೇಡಿ. ಆಯುಷ್ಯ ಮುಗಿದದ್ದನ್ನು ಪೂರ್ತಿ ಮತ್ತೆ ತರಬೇಕು ಅಂತಲೂ ಇಲ್ಲ. ಕ್ಯಾಶ್ ‘ನನ್ನ ಹತ್ತಿರ ಇಂಥ ಗುರುತಿನ ಪ್ರತಿ ಇದೆ, ಬದಲಾಗಿದೆಯಾ?’ ಅಂತ ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಅನ್ನುವ ಪುಟ್ಟ ಉತ್ತರ ಕೊಡುತ್ತದೆ, ಫೈಲ್ ಬರುವುದಿಲ್ಲ. ನೂರು ಕೆಬಿಯ ಕೆಲಸ ಕೆಲವು ನೂರು ಬೈಟ್‌ನಲ್ಲಿ ಮುಗಿಯುತ್ತದೆ. ಈ ಮಾತುಕತೆ ಬ್ರೌಸರ್ ತಾನೇ ಮಾಡಿಕೊಳ್ಳುತ್ತದೆ, ಬೀಗದ ಪುಟಗಳಲ್ಲೂ. ಹಾಗಾಗಿ ಸಾರ್ವಜನಿಕ ಕಂಪ್ಯೂಟರ್ ಅಂತ ಪ್ರತಿ ಸಲ ಬ್ರೌಸರಿನ ಎಲ್ಲವನ್ನೂ ಅಳಿಸುವವರು ಸ್ವಲ್ಪ ನೋಡಿ. ಕುಕೀ, ಹಿಸ್ಟರಿ ಅಳಿಸಿ, ಚಿತ್ರ ಮತ್ತು ಫೈಲುಗಳ ಕ್ಯಾಶ್ ಬಿಡಿ. ಒಬ್ಬರ ಖಾಸಗಿ ಚಿತ್ರವೋ ಕಾಗದವೋ ತೆರೆದಿದ್ದ ದಿನ ಮಾತ್ರ ಅದನ್ನೂ ಅಳಿಸಿ.

ಡಿಎನ್‌ಎಸ್ ಬಗ್ಗೆ ಎರಡು ಮಾತು. ಹೆಸರಿನಿಂದ ವಿಳಾಸ ಹುಡುಕುವ ಈ ಕೆಲಸಕ್ಕೆ ಡೇಟಾ ಹೋಗುವುದು ಅತ್ಯಲ್ಪ, ಆದರೆ ದುರ್ಬಲ ಸಿಗ್ನಲ್‌ನಲ್ಲಿ ಪ್ರತಿ ಹುಡುಕಾಟಕ್ಕೂ ಕಾಯಬೇಕು. ಡಿಎನ್‌ಎಸ್‌ಮಾಸ್ಕ್ ಮೊದಲಿಗೆ 150 ಹೆಸರು ಮಾತ್ರ ನೆನಪಿಡುತ್ತದೆ, 1000ಕ್ಕೆ ಏರಿಸಿ. ಪುಟ ತೆರೆಯುವುದು ಚುರುಕಾಗುತ್ತದೆ.

ಒಂದು ಸಲ ಕಳಿಸಿ ಇಬ್ಬರಿಗೆ

ಇದು ನಮ್ಮ ಗ್ರಂಥಾಲಯದಲ್ಲಿ ಆಗುವ ಕೆಲಸವಲ್ಲ, ಆದರೂ ಹೇಳದೆ ಇರಲಾರೆ. 2014ರಲ್ಲಿ ಮದ್ದಾ-ಅಲಿ ಮತ್ತು ನೀಸೆನ್ ಅನ್ನುವ ಇಬ್ಬರು ಸಂಶೋಧಕರು ಒಂದು ಪ್ರಬಂಧ ಬರೆದರು. ಅದರ ಸರಳ ಉದಾಹರಣೆ ಹೀಗಿದೆ, ನಮ್ಮ ಮಾತಿನಲ್ಲಿ.

ಅಕ್ಕ, ತಮ್ಮ, ಇಬ್ಬರ ಹತ್ತಿರವೂ ಫೋನ್. ನಾಳೆ ಗಣಿತ ಬೇಕೋ ವಿಜ್ಞಾನ ಬೇಕೋ ಇವತ್ತು ಗೊತ್ತಿಲ್ಲ. ಎರಡೂ ಪಾಠವನ್ನು ಅರ್ಧರ್ಧ ಮಾಡಿ. ರಾತ್ರಿಯೇ ಅಕ್ಕನ ಫೋನಿಗೆ ಎರಡೂ ಪಾಠದ ಮೊದಲರ್ಧ, ತಮ್ಮನ ಫೋನಿಗೆ ಎರಡೂ ಪಾಠದ ಕೊನೆಯರ್ಧ ತುಂಬಿಸಿ. ಬೆಳಗ್ಗೆ ಅಕ್ಕ ಗಣಿತ ಕೇಳಿದಳು, ತಮ್ಮ ವಿಜ್ಞಾನ ಕೇಳಿದ. ಅಕ್ಕನಿಗೆ ಬೇಕಾದದ್ದು ಗಣಿತದ ಕೊನೆಯರ್ಧ, ತಮ್ಮನಿಗೆ ವಿಜ್ಞಾನದ ಮೊದಲರ್ಧ. ಸಾಮಾನ್ಯವಾಗಿ ಎರಡು ಅರ್ಧಗಳನ್ನು ಕಳಿಸಬೇಕು. ಅವರು ಒಂದನ್ನೇ ಕಳಿಸುತ್ತಾರೆ, ಎರಡನ್ನೂ ಬೆರೆಸಿ. ಬೆರೆಸುವುದು ಅಂದ್ರೆ, ಎರಡು ಬಿಟ್ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. 1011 ಮತ್ತು 0110 ಬೆರೆತರೆ 1101. ಆ 1101ರ ಜೊತೆ 0110 ಇದ್ದವರು ಮತ್ತೆ ಬೆರೆಸಿದರೆ 1011 ಹೊರಬರುತ್ತದೆ. ಅಕ್ಕನ ಹತ್ತಿರ ವಿಜ್ಞಾನದ ಮೊದಲರ್ಧ ಇದೆ, ಅದರಿಂದ ಬಿಡಿಸಿ ತನ್ನದನ್ನು ಪಡೆಯುತ್ತಾಳೆ. ತಮ್ಮನ ಹತ್ತಿರ ಗಣಿತದ ಕೊನೆಯರ್ಧ ಇದೆ, ಅವನೂ ತನ್ನದನ್ನು ಪಡೆಯುತ್ತಾನೆ. ಟವರ್ ಕೂಗಿದ್ದು ಒಂದೇ ಸಲ!

ಇಷ್ಟು ಹೊತ್ತು ಗಾಳಿ ಎಲ್ಲರದ್ದು ಅಂತ ಗೊಣಗಿದೆನಲ್ಲ, ಅದೇ ಇಲ್ಲಿ ಲಾಭ. ಒಮ್ಮೆ ಕೂಗಿದ್ದು ಎಲ್ಲರಿಗೂ ಕೇಳುತ್ತದೆ. ಇದನ್ನು ಓದಿದ ರಾತ್ರಿ ನಾನು ಅಡಿಕೆಯನ್ನೂ ಕಾಳುಮೆಣಸನ್ನೂ ಮೇಜಿನ ಮೇಲೆ ಜೋಡಿಸಿ, ಹೆಂಡತಿಯನ್ನು ಅಕ್ಕ ಮಾಡಿ, ನಾನು ತಮ್ಮನಾಗಿ ಪರೀಕ್ಷಿಸಿದೆ. ‘ನಿವೃತ್ತಿ ಆದ್ಮೇಲೆ ತಲೆ ಕೆಟ್ಟಿದೆ’ ಅಂತ ಅವಳು ಎದ್ದು ಹೋದಳು. ವೈಫೈನಲ್ಲಿ ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶ ಸಾಮಾನ್ಯವಾಗಿ ತೀರಾ ನಿಧಾನದ ವೇಗದಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಅಂತ ಯಾರೂ ತಿರುಗಿ ಹೇಳುವುದಿಲ್ಲ. ಹಾಗಾಗಿ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ.

ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ಡಿಸ್ಕ್ ಎಷ್ಟು ತುಂಬಿದೆ ನೋಡಿ. ಕ್ಯಾಶ್ ತಾನಾಗಿ ಹಳೆಯದನ್ನು ಬಿಸಾಡುತ್ತದೆ, ಲಾಗ್ ಹಾಗಲ್ಲ, ಅದಕ್ಕೆ ಬೇರೆ ಏರ್ಪಾಡು ಬೇಕು. ಲಾಗಿನಲ್ಲಿ ಯಾರು ಯಾವ ತಾಣಕ್ಕೆ ಹೋದರು ಅನ್ನುವುದೂ ಇರುತ್ತದೆ, ಒಂದು ವಾರಕ್ಕಿಂತ ಹೆಚ್ಚು ಇಡಬೇಡಿ. ವಿಕಿಪೀಡಿಯದ ಹೊಸ ಜಿಮ್ ಫೈಲನ್ನು ವರ್ಷಕ್ಕೆ ಎರಡು ಸಲ ತಂದರೆ ಸಾಕು, ಶಾಲೆ ಶುರುವಾಗುವ ಮುನ್ನ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ. ನೋಟ್‌ಬುಕ್ ನಿಲ್ಲಿಸಬೇಡಿ. ನಮ್ಮಲ್ಲಿ ಈಗ ಡೇಟಾ ಜಾಸ್ತಿ ಹೋಗುವ ದಿನ ಬುಧವಾರ ಅಲ್ಲ, ಕ್ರಿಕೆಟ್ ಇರುವ ದಿನ. ನೇರಪ್ರಸಾರಕ್ಕೆ ನನ್ನ ಹತ್ತಿರ ಮದ್ದಿಲ್ಲ. ಎಲ್ಲರನ್ನೂ ಒಂದೇ ಪರದೆ ಮುಂದೆ ಕೂರಿಸುತ್ತೇನೆ.

ರೂಟರಿನ ಗಾಳಿಕಿಂಡಿಯಲ್ಲಿ ಇರುವೆ ಗೂಡು ಕಟ್ಟುತ್ತವೆ, ನೋಡುತ್ತಿರಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸುವ ಮೊದಲೇ ಆಂಟೆನಾದ ತಂತಿಯನ್ನೂ ಪೆಟ್ಟಿಗೆಯ ಕೇಬಲ್ಲನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು.